ಟಿಕೆಟ್ಟಿನ ಮೇಲಿನ ಗಂಟೆ ಯಾರದು?

2023ರ ಜನವರಿ 18ರಂದು ಅಮೃತಸರದಿಂದ ಸಿಂಗಪುರಕ್ಕೆ ಹೋಗುವ ಸ್ಕೂಟ್ ವಿಮಾನ ಸಂಜೆ 7.55ಕ್ಕೆ ಹೊರಡಬೇಕಿತ್ತು. ಸಂಜೆಯ ಲೆಕ್ಕ ಹಿಡಿದು ನಿಲ್ದಾಣಕ್ಕೆ ಬಂದ ಸುಮಾರು ಮೂವತ್ತು ಪ್ರಯಾಣಿಕರಿಗೆ ಗೊತ್ತಾದದ್ದು, ವಿಮಾನ ಮಧ್ಯಾಹ್ನವೇ, ನಾಲ್ಕು ಗಂಟೆಗೂ ಹೆಚ್ಚು ಮುಂಚೆ, ಹಾರಿಹೋಗಿದೆ ಎಂಬುದು. ವೇಳೆ ಬದಲಾದದ್ದನ್ನು ಇಮೇಲ್‌ನಲ್ಲಿ ತಿಳಿಸಿದ್ದೆವು ಎಂದಿತು ಕಂಪನಿ. ಗುಂಪಿಗೆ ಒಟ್ಟಾಗಿ ಟಿಕೆಟ್ ಕಾಯ್ದಿರಿಸಿದ್ದ ಟ್ರಾವೆಲ್ ಏಜೆಂಟರು ಸುದ್ದಿ ಮುಟ್ಟಿಸಲಿಲ್ಲ ಎಂದರು ನಿಲ್ದಾಣದವರು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ವಿಚಾರಣೆಗೆ ಆದೇಶಿಸಿತು. ಪತ್ರಿಕೆಗಳಲ್ಲಿ ಎರಡು ದಿನ ಚರ್ಚೆಯಾದದ್ದು ತಿಳಿಸಿದವರು ಯಾರು, ತಿಳಿಸದವರು ಯಾರು ಎಂಬುದೇ. ಅದಕ್ಕಿಂತ ಮೊದಲಿನ ಪ್ರಶ್ನೆಯನ್ನು ಹೆಚ್ಚು ಮಂದಿ ಕೇಳಲಿಲ್ಲ: ಸಂಜೆ ಎಂದು ಮಾರಿದ ವಿಮಾನವನ್ನು ಮಧ್ಯಾಹ್ನ ಹಾರಿಸುವ ಹಕ್ಕು ಬಂದದ್ದೆಲ್ಲಿಂದ? ಒಂದು ಮೆಸೇಜು ಕಳಿಸಿಬಿಟ್ಟರೆ ಆ ಹಕ್ಕು ಹುಟ್ಟಿಬಿಡುತ್ತದೆಯೇ?

ವಿಮಾನದ ಟಿಕೆಟ್ ಕೊಳ್ಳುವವರು ಸೀಟನ್ನಷ್ಟೇ ಕೊಳ್ಳುವುದಿಲ್ಲ, ಹೊತ್ತನ್ನೂ ಕೊಳ್ಳುತ್ತಾರೆ. ಬೆಂಗಳೂರಿನಿಂದ ದಿಲ್ಲಿಗೆ ಬೆಳಗಿನ ಆರರ ವಿಮಾನಕ್ಕೂ ನಡುಮಧ್ಯಾಹ್ನದ ವಿಮಾನಕ್ಕೂ ಅದೇ ಮಾದರಿಯ ವಿಮಾನ, ಅಷ್ಟೇ ಅಗಲದ ಸೀಟು, ದೂರವೂ ಅಷ್ಟೇ. ಆದರೂ ದರ ಬೇರೆ. ಅಂದಮೇಲೆ ಹೊತ್ತಿಗೆ ಬೆಲೆ ಕಟ್ಟಿದವರು ಕಂಪನಿಯವರೇ. ಈ ಬೆಲೆ ಒಂದೇ ದಿಕ್ಕಿನಲ್ಲಿ ವಸೂಲಾಗುತ್ತದೆ ಎಂಬುದೇ ತಕರಾರು. ಪ್ರಯಾಣಿಕ ತಾನಾಗಿ ಆರರಿಂದ ಹನ್ನೊಂದಕ್ಕೆ ಬದಲಿಸಿಕೊಳ್ಳಲು ಹೋದರೆ ಬದಲಾವಣೆ ಶುಲ್ಕ ಕಟ್ಟಬೇಕು, ಮೇಲೆ ದರದ ವ್ಯತ್ಯಾಸವನ್ನೂ ತೆರಬೇಕು. ಅದೇ ಬದಲಾವಣೆಯನ್ನು ಕಂಪನಿ ಮಾಡಿದರೆ ಒಂದು ಎಸ್ಎಂಎಸ್, ಅದರ ಕೊನೆಯಲ್ಲಿ ‘ಅನನುಕೂಲಕ್ಕಾಗಿ ವಿಷಾದಿಸುತ್ತೇವೆ’ ಎಂಬ ಸಾಲು. ಟಿಕೆಟ್ ಕೊಳ್ಳುವಾಗ ಓದದೆ ಒಪ್ಪಿಕೊಂಡ ಷರತ್ತುಗಳನ್ನು ತೆರೆದು ನೋಡಿದರೆ ಇದರ ಬೇರು ಸಿಗುತ್ತದೆ. ವೇಳಾಪಟ್ಟಿಯಲ್ಲಿ ಕಾಣಿಸಿದ ಸಮಯಕ್ಕೆ ಖಾತರಿಯಿಲ್ಲ, ಅದು ಒಪ್ಪಂದದ ಭಾಗವೂ ಅಲ್ಲ ಎಂಬ ಅರ್ಥದ ಒಕ್ಕಣೆ ಜಗತ್ತಿನ ವಿಮಾನ ಟಿಕೆಟ್ಟುಗಳಲ್ಲಿ ದಶಕಗಳಿಂದ ಇದೆ. ದುಡ್ಡು ಎಣಿಸಿಕೊಳ್ಳುವಾಗ ಸಮಯವೂ ಸರಕು, ಕೊಡುವಾಗ ಮಾತ್ರ ಅದು ಸರಕಲ್ಲ.

ವೇಳೆ ಏಕೆ ಬದಲಾಗುತ್ತದೆ ಎಂಬುದನ್ನು ಕಂಪನಿಗಳ ಕಡೆಯಿಂದಲೂ ನೋಡಬೇಕು. ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಹೊಸದಾಗುತ್ತದೆ: ಬೇಸಿಗೆಯದು ಮಾರ್ಚ್‌ನ ಕೊನೆಯ ಭಾನುವಾರದಿಂದ, ಚಳಿಗಾಲದ್ದು ಅಕ್ಟೋಬರ್‌ನ ಕೊನೆಯ ಭಾನುವಾರದಿಂದ. ಟಿಕೆಟ್ ಮಾರಾಟವಾದರೋ ಅದಕ್ಕೂ ಎಷ್ಟೋ ತಿಂಗಳು ಮೊದಲೇ, ನಿಲ್ದಾಣಗಳಲ್ಲಿ ಇಳಿಯುವ ಏರುವ ಸರದಿ ಪೂರ್ತಿ ಗಟ್ಟಿಯಾಗುವ ಮುಂಚೆಯೇ, ಶುರುವಾಗಿರುತ್ತದೆ. ನಡುವೆ ಏನೇನೋ ಅಡ್ಡ ಬರುತ್ತವೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದಾಗ ದಿಲ್ಲಿಯಿಂದ ಪಶ್ಚಿಮಕ್ಕೆ ಹಾರುವ ವಿಮಾನಗಳು ಸುತ್ತುಹಾದಿ ಹಿಡಿಯಬೇಕಾಯಿತು. ಅಂಥದ್ದನ್ನು ಯಾವ ಕಂಪನಿಯೂ ಮೊದಲೇ ಲೆಕ್ಕ ಹಾಕಿರಲಾರದು. ಆದರೆ ಎಲ್ಲ ಕಾರಣಗಳೂ ಹಾಗೆ ಆಕಾಶದಿಂದ ಉದುರಿದವಲ್ಲ. 2023ರ ಜನವರಿ ಕೊನೆಯಲ್ಲಿ ಮಂಗಳೂರಿನ ರನ್‌ವೇಗೆ ಹೊಸ ಮೇಲ್ಪದರ ಹಾಕುವ ಕೆಲಸ ಶುರುವಾದಾಗ ಬೆಳಗಿನ 9.30ರಿಂದ ಸಂಜೆ 6ರವರೆಗೆ ರನ್‌ವೇ ಮುಚ್ಚುತ್ತಿತ್ತು. ಹಗಲಿನ ವಿಮಾನಗಳು ಮುಂಜಾವಿಗೋ ರಾತ್ರಿಗೋ ಸರಿದವು. ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆದಾಗಲೂ ಅಷ್ಟೇ. 2025ರ ಫೆಬ್ರುವರಿಯಲ್ಲಿ ದೇವನಹಳ್ಳಿಯ ಆಕಾಶವನ್ನು ದಿನಕ್ಕೆ ಕೆಲವು ಗಂಟೆ ಮುಚ್ಚಬೇಕಾಗಿ ಬಂದು ಸಾಲುಸಾಲು ವಿಮಾನಗಳ ವೇಳೆ ಬದಲಾಯಿತು. ರನ್‌ವೇ ಕಾಮಗಾರಿಗೆ ಟೆಂಡರ್ ಕರೆಯುತ್ತಾರೆ, ವೈಮಾನಿಕ ಪ್ರದರ್ಶನಕ್ಕೆ ತಿಂಗಳುಗಟ್ಟಲೆ ಮುಂಚೆ ದಿನಾಂಕ ಸಾರುತ್ತಾರೆ. ಇವು ಯಾವುವೂ ಗುಟ್ಟಲ್ಲ. ಇನ್ನೊಂದು ಬಗೆಯ ಬದಲಾವಣೆಯಂತೂ ಶುದ್ಧ ವ್ಯಾಪಾರದ್ದು: ಅರ್ಧರ್ಧ ತುಂಬಿದ ಎರಡು ವಿಮಾನಗಳನ್ನು ಸೇರಿಸಿ ಒಂದು ಮಾಡುವುದು. ಇದೂ ಪ್ರಯಾಣಿಕನ ಮೊಬೈಲಿಗೆ ಬರುವುದು ‘ಕಾರ್ಯಾಚರಣೆಯ ಕಾರಣ’ ಎಂಬ ಹೆಸರಿನಲ್ಲೇ.

ನಮ್ಮಲ್ಲಿ ಇದಕ್ಕೆ ನಿಯಮ ಇಲ್ಲದೆ ಇಲ್ಲ. ಡಿಜಿಸಿಎ 2010ರಲ್ಲಿ ಹೊರಡಿಸಿ, 2016ರ ಆಗಸ್ಟ್‌ನಿಂದ ಪರಿಹಾರದ ಮೊತ್ತ ಹೆಚ್ಚಿಸಿದ ನಿಯಮಾವಳಿಯ ಪ್ರಕಾರ, ವಿಮಾನ ರದ್ದಾಗುವುದಾದರೆ ಕಂಪನಿ ಎರಡು ವಾರ ಮುಂಚೆ ತಿಳಿಸಿ ಬದಲಿ ವಿಮಾನವನ್ನೋ ಹಣವನ್ನೋ ಕೊಡಬೇಕು. ಎರಡು ವಾರಕ್ಕಿಂತ ಕಡಿಮೆ, ಆದರೆ 24 ಗಂಟೆಗೆ ಮೊದಲು ತಿಳಿಸಿದರೂ ಅದೇ ಆಯ್ಕೆ, ಅದೂ ಪ್ರಯಾಣಿಕನಿಗೆ ಒಪ್ಪಿಗೆಯಾಗುವಂತೆ. ಹೀಗೆ ತಿಳಿಸದಿದ್ದರೆ, ಅಥವಾ ಅದೇ ಟಿಕೆಟ್ಟಿನಲ್ಲಿರುವ ಮುಂದಿನ ಕನೆಕ್ಟಿಂಗ್ ವಿಮಾನ ತಪ್ಪಿಹೋದರೆ, ಹಣ ವಾಪಸಿನ ಮೇಲೆ ಪರಿಹಾರ: ಹಾರಾಟದ ಅವಧಿ ಒಂದು ಗಂಟೆಯೊಳಗಿದ್ದರೆ 5,000 ರೂಪಾಯಿ, ಎರಡು ಗಂಟೆಯವರೆಗೆ 7,500, ಅದಕ್ಕೂ ಮೀರಿದರೆ 10,000. ಓದಲು ಚೆನ್ನಾಗಿದೆ. ಮುಂದಿನ ಸಾಲಿನಲ್ಲಿ ‘ಅಥವಾ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ, ಎರಡರಲ್ಲಿ ಯಾವುದು ಕಡಿಮೆಯೋ ಅದು’ ಎಂಬ ಷರತ್ತು ಸೇರಿಕೊಂಡಿದೆ. ಮೊದಲೇ ಯೋಚಿಸಿ ಮೂರು ತಿಂಗಳ ಹಿಂದೆ ಅಗ್ಗಕ್ಕೆ ಟಿಕೆಟ್ ಕೊಂಡ ಜಾಣನಿಗೆ ಪರಿಹಾರವೂ ಅಗ್ಗವೇ. ಹವಾಮಾನ, ನೆರೆ, ಗಲಭೆ, ಭದ್ರತೆಯ ಅಪಾಯ, ವಾಯು ಸಂಚಾರ ನಿಯಂತ್ರಣ, ಸರ್ಕಾರಿ ಆದೇಶ, ಮುಷ್ಕರ ಇವುಗಳಿಂದಾದದ್ದಕ್ಕೆ ಪರಿಹಾರವೇ ಇಲ್ಲ.

ಇಷ್ಟೆಲ್ಲ ರದ್ದಾದ ವಿಮಾನಕ್ಕಾಯಿತು. ತಡವಾದ ವಿಮಾನಕ್ಕೂ ಅಳತೆಗೋಲುಗಳಿವೆ: ಇಷ್ಟು ಗಂಟೆಗೆ ತಿಂಡಿ, ಆರು ಗಂಟೆ ಮೀರಿದರೆ ಬದಲಿ ವಿಮಾನ ಅಥವಾ ಪೂರ್ತಿ ಹಣ, 24 ಗಂಟೆ ಮೀರಿದರೆ ಹೋಟೆಲು. ಹದಿನೈದು ದಿನ ಮೊದಲೇ ‘ನಿಮ್ಮ ವಿಮಾನ ಆರಕ್ಕಲ್ಲ, ಹನ್ನೊಂದಕ್ಕೆ’ ಎಂದು ತಿಳಿಸಿದರೆ ಅದು ಯಾವ ಖಾತೆಗೆ ಬೀಳುತ್ತದೆ? ರದ್ದಾಗಿಲ್ಲ, ವಿಮಾನದ ಸಂಖ್ಯೆ ಹಾಗೇ ಇದೆ. ಸಾಮಾನ್ಯ ಅರ್ಥದಲ್ಲಿ ತಡವೂ ಆಗಿಲ್ಲ, ಹೊಸ ವೇಳೆಗೆ ಸರಿಯಾಗಿ ಹೊರಡುತ್ತದೆ. ತಡವೆಂದೇ ಎಣಿಸಿದರೂ ಐದು ಗಂಟೆ, ಆರರ ಗೆರೆಗೆ ಒಂದು ಗಂಟೆ ಕಡಿಮೆ. ತಡಕ್ಕೆ ಸರಿದ ವಿಮಾನಕ್ಕೆ ಆರು ಗಂಟೆಯ ಕೋಲಾದರೂ ಉಂಟು, ಮುಂಚೆಗೆ ಎಳೆದ ವಿಮಾನಕ್ಕೆ ಆ ಕೋಲೂ ಕಾಣುವುದಿಲ್ಲ. ‘ಪ್ರೀಪೋನ್’ ಎಂಬ ಪದವನ್ನು ಇಂಗ್ಲಿಷಿನಲ್ಲಿ ರೂಢಿಗೆ ತಂದ ದೇಶದ ನಿಯಮದಲ್ಲೇ ಪ್ರೀಪೋನ್ ಆದವನಿಗೆ ಜಾಗವಿಲ್ಲ! ನಿಜಕ್ಕೂ ಹೆಚ್ಚು ನೋವು ಕೊಡುವುದು ಅದೇ. ಹಾಸನದಿಂದ ಬೆಳಗಿನ ಮೊದಲ ಬಸ್ಸು ಹಿಡಿದು, ಮೆಜೆಸ್ಟಿಕ್‌ನಲ್ಲಿ ವಾಯುವಜ್ರ ಹತ್ತಿ, ಮಧ್ಯಾಹ್ನ ಒಂದರ ವಿಮಾನಕ್ಕೆ ಹೋಗುವ ಲೆಕ್ಕ ಹಾಕಿದವರಿಗೆ ವಿಮಾನ ಬೆಳಗಿನ ಎಂಟಕ್ಕೆ ಸರಿದರೆ ಹಿಂದಿನ ರಾತ್ರಿಯೇ ಮನೆ ಬಿಡಬೇಕು, ಇಲ್ಲವೇ ಬೆಂಗಳೂರಿನಲ್ಲಿ ಒಂದು ರಾತ್ರಿಗೆ ಕೋಣೆ ಹಿಡಿಯಬೇಕು. ತಡವಾದ ವಿಮಾನಕ್ಕೆ ಕಾದರೆ ಸಿಕ್ಕೀತು, ಮುಂಚೆ ಹಾರಿದ್ದು ಕಾದರೆ ಸಿಗದು. ಊರಿನಿಂದ ಮುಂಬೈಗೆ ಒಂದು ಟಿಕೆಟ್, ಮುಂಬೈಯಿಂದ ಕೊಲ್ಲಿ ದೇಶಕ್ಕೆ ಇನ್ನೊಂದು ಎಂದು ಬೇರೆ ಬೇರೆಯಾಗಿ ಕೊಂಡ ಕರಾವಳಿಯ ದುಡಿಮೆಗಾರನ ಪಾಡು ಇನ್ನೂ ಕಷ್ಟ. ಮೊದಲ ವಿಮಾನ ಮೂರು ಗಂಟೆ ಸರಿದರೆ ಎರಡನೆಯದರ ದುಡ್ಡು ಹೋಯಿತು, ಏಕೆಂದರೆ ನಿಯಮ ಕಾಪಾಡುವುದು ಒಂದೇ ಟಿಕೆಟ್ಟಿನ ಜೋಡಣೆಯನ್ನು ಮಾತ್ರ.

ಯುರೋಪಿನ ನ್ಯಾಯಾಲಯ ಈ ಗಂಟನ್ನು ಬಿಡಿಸಿದ ರೀತಿ ಗಮನಿಸುವಂಥದ್ದು. ಅಲ್ಲಿನ 261ನೇ ಸಂಖ್ಯೆಯ ನಿಯಮ 2004ರದ್ದು, 2005ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಅದರಲ್ಲೂ ‘ರದ್ದು’ ಇದೆ, ‘ತಡ’ ಇದೆ, ವೇಳೆಯನ್ನು ಮುಂಚೆಗೆ ಎಳೆಯುವುದರ ಬಗ್ಗೆ ನೇರ ಮಾತಿಲ್ಲ. 2021ರ ಡಿಸೆಂಬರ್ 21ರಂದು ಲಕ್ಸಂಬರ್ಗ್‌ನ ಐರೋಪ್ಯ ನ್ಯಾಯಾಲಯ ಹಲವು ಮೊಕದ್ದಮೆಗಳನ್ನು ಒಟ್ಟಿಗೆ ತೀರ್ಮಾನಿಸುತ್ತ, ಒಂದು ಗಂಟೆಗಿಂತ ಹೆಚ್ಚು ಮುಂಚಿತಗೊಳಿಸಿದ ವಿಮಾನ ರದ್ದಾದ ವಿಮಾನಕ್ಕೆ ಸಮ ಎಂದಿತು. ಅಷ್ಟು ಮುಂಚೆ ಹೊರಡಬೇಕಾದವನು ತನ್ನ ಸಮಯವನ್ನು ತನಗೆ ಬೇಕಾದಂತೆ ಬಳಸುವ ಸ್ವಾತಂತ್ರ್ಯ ಕಳೆದುಕೊಳ್ಳುತ್ತಾನೆ ಎಂಬುದು ತರ್ಕದ ತಿರುಳು. ಅದೇ ದಿನ ಅದೇ ನ್ಯಾಯಾಲಯ, ಬೇರೇನೂ ಬದಲಾಗದೆ ಮೂರು ಗಂಟೆಯೊಳಗೆ ತಡಕ್ಕೆ ಸರಿದದ್ದು ರದ್ದಲ್ಲ ಎಂದೂ ಹೇಳಿತು. ಹೀಗಾಗಿ ಇದು ಪ್ರಯಾಣಿಕರ ಮೇಲೆ ಕರುಣೆ ಉಕ್ಕಿ ಕೊಟ್ಟ ತೀರ್ಪಲ್ಲ, ಎರಡು ಬಗೆಯ ನಷ್ಟವನ್ನು ಬೇರೆಬೇರೆಯಾಗಿ ತೂಗಿದ ತೀರ್ಪು. ರದ್ದು ಎಂದಾದ ಕೂಡಲೇ ಆಯ್ಕೆ ಪ್ರಯಾಣಿಕನ ಕೈಗೆ ಬರುತ್ತದೆ: ಹಣವೋ, ಅದೇ ಮಟ್ಟದ ಬೇರೆ ದಾರಿಯ ಪ್ರಯಾಣವೋ. ಎರಡು ವಾರ ಮುಂಚೆ ತಿಳಿಸಿದ್ದರೆ 250ರಿಂದ 600 ಯೂರೋವರೆಗಿನ ಪರಿಹಾರ ಇಲ್ಲ, ಆಯ್ಕೆ ಮಾತ್ರ ಆಗಲೂ ಉಳಿಯುತ್ತದೆ.

ಆ ಎರಡು ವಾರವನ್ನು ಎಲ್ಲಿಂದ ಎಣಿಸಬೇಕು ಎಂಬುದಕ್ಕೂ ಅಲ್ಲೊಂದು ಸೊಗಸಾದ ಮೊಕದ್ದಮೆಯಿದೆ, ಅಮೃತಸರದ ಕತೆಯ ಅಣ್ಣನಂಥದು. 2014ರ ನವೆಂಬರ್ 14ರಂದು ಆಮ್ಸ್ಟರ್‌ಡ್ಯಾಮ್‌ನಿಂದ ಸುರಿನಾಮಿನ ಪರಮಾರಿಬೊಗೆ ಹಾರಬೇಕಿದ್ದ ವಿಮಾನ ರದ್ದಾಯಿತು. ಕಂಪನಿ ಅಕ್ಟೋಬರ್ 9ರಂದೇ ಟ್ರಾವೆಲ್ ಏಜೆಂಟರಿಗೆ ತಿಳಿಸಿತ್ತು, ಐದು ವಾರ ಮೊದಲು. ಏಜೆಂಟರು ಪ್ರಯಾಣಿಕನಿಗೆ ಇಮೇಲ್ ಮಾಡಿದ್ದು ನವೆಂಬರ್ 4ರಂದು, ಹತ್ತೇ ದಿನ ಮೊದಲು. ನಾವು ನಮ್ಮ ಕೆಲಸ ಮಾಡಿದ್ದೇವೆ ಎಂಬುದು ಕಂಪನಿಯ ವಾದ. 2017ರ ಮೇ ತಿಂಗಳಲ್ಲಿ ಬಂದ ತೀರ್ಪು ಅದನ್ನು ಒಪ್ಪಲಿಲ್ಲ: ಸುದ್ದಿ ಪ್ರಯಾಣಿಕನನ್ನು ಮುಟ್ಟಿದ್ದು ಯಾವಾಗ ಎಂಬುದೇ ಲೆಕ್ಕ, ಅದನ್ನು ಸಾಬೀತು ಮಾಡುವ ಹೊಣೆ ಕಂಪನಿಯದು, ಆದ್ದರಿಂದ 600 ಯೂರೋ ಕೊಡಬೇಕು, ತಪ್ಪು ಏಜೆಂಟರದಾದರೆ ಕಂಪನಿ ಅವರಿಂದ ವಸೂಲು ಮಾಡಿಕೊಳ್ಳಲಿ. ದಲ್ಲಾಳಿಯನ್ನು ನೇಮಿಸಿಕೊಂಡು ಅವನ ಮೂಲಕ ಮಾರಿದವರು ಅವನ ಮರೆವಿಗೂ ಬಾಧ್ಯರು ಎಂಬ ಈ ನ್ಯಾಯ ನಮ್ಮ ಸಂತೆಯ ವ್ಯಾಪಾರಕ್ಕೂ ಹೊಸದಲ್ಲ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಜರ್ಮನ್ ಕಂಪನಿಯ ವಿಮಾನದಲ್ಲಿ ಹೋಗುವ ಕನ್ನಡಿಗನಿಗೂ ಈ ನಿಯಮದ ರಕ್ಷಣೆಯಿದೆ ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ಯುರೋಪಿನಿಂದ ಹೊರಡುವ ಯಾವ ಕಂಪನಿಯ ವಿಮಾನವಾದರೂ, ಯುರೋಪಿಗೆ ಹೋಗುವ ಅಲ್ಲಿನ ಕಂಪನಿಗಳ ವಿಮಾನವಾದರೂ ಅದರ ವ್ಯಾಪ್ತಿಯೊಳಗೆ ಬರುತ್ತದೆ. ಅಮೆರಿಕದ ದಾರಿ ಬೇರೆ, ಲೆಕ್ಕ ಇನ್ನೂ ಸರಳ: 2024ರ ನಿಯಮದಂತೆ ದೇಶದೊಳಗಿನ ಪ್ರಯಾಣ ಮೂರು ಗಂಟೆ, ವಿದೇಶದ್ದು ಆರು ಗಂಟೆ ಆಚೀಚೆಯಾದರೆ ಅದು ಗಣನೀಯ ಬದಲಾವಣೆ. ಬೇಡವೆಂದವರಿಗೆ ಹಣ ಹಣವಾಗಿಯೇ ಹಿಂದಿರುಗಬೇಕು, ವೋಚರ್ ಆಗಿ ಅಲ್ಲ.

ಹಣ ಹಿಂದಿರುಗಿದರೆ ಸಾಕೇ? ಇಲ್ಲಿ ನನ್ನ ತಕರಾರು ಅಮೆರಿಕದ ನಿಯಮದ ಮೇಲೂ ಇದೆ. ಮೂರು ತಿಂಗಳ ಹಿಂದೆ ನಾಲ್ಕು ಸಾವಿರಕ್ಕೆ ಕೊಂಡ ಟಿಕೆಟ್ಟಿನ ನಾಲ್ಕು ಸಾವಿರವನ್ನು ಇಂದು ಕೈಗಿಟ್ಟರೆ, ಅದೇ ದಿನಕ್ಕೆ ಅದೇ ಹೊತ್ತಿನ ಇನ್ನೊಂದು ಸೀಟು ಆ ದುಡ್ಡಿಗೆ ಸಿಗುವುದಿಲ್ಲ. ದಿನ ಹತ್ತಿರವಾದಷ್ಟೂ ದರ ಏರುವ ವ್ಯವಸ್ಥೆಯನ್ನು ಕಟ್ಟಿದವರೇ ‘ಪೂರ್ತಿ ಹಣ ವಾಪಸ್’ ಎಂಬುದನ್ನು ಉದಾರತೆಯಂತೆ ಹೇಳುವುದು ವಿಚಿತ್ರ. ಇದಕ್ಕೆ ದೊಡ್ಡ ಸಾಕ್ಷಿ 2025ರ ಡಿಸೆಂಬರ್. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮ 2024ರ ಜನವರಿಯಲ್ಲೇ ಪ್ರಕಟವಾಗಿತ್ತು, ಎರಡನೆಯ ಹಂತ 2025ರ ನವೆಂಬರ್ 1ರಿಂದ ಜಾರಿಗೆ ಬಂತು. ದೇಶದ ಅತಿ ದೊಡ್ಡ ವಿಮಾನ ಕಂಪನಿ ಇಂಡಿಗೋ ಅದಕ್ಕೆ ಸಾಲುವಷ್ಟು ಪೈಲಟ್‌ಗಳನ್ನು ಹೊಂದಿಸಿಕೊಳ್ಳದೆ, ಡಿಸೆಂಬರ್ ಮೊದಲ ವಾರದಲ್ಲಿ ಸಾವಿರಾರು ವಿಮಾನಗಳನ್ನು ಕೈಬಿಟ್ಟಿತು. 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು. ಬೆಂಗಳೂರಿನ ನಿಲ್ದಾಣದಲ್ಲಿ ಸೂಟ್‌ಕೇಸುಗಳ ರಾಶಿಯ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಉಳಿದ ಕಂಪನಿಗಳ ದರ ಮುಗಿಲಿಗೇರಿದಾಗ ಸರ್ಕಾರ ಹಣ ವಾಪಸಿಗೆ ಆದೇಶಿಸಿ ಸುಮ್ಮನಾಗಲಿಲ್ಲ. ಮರುದಿನವೇ ದರಕ್ಕೆ ಮಿತಿ ಹಾಕಿತು: 500 ಕಿಲೋಮೀಟರ್‌ವರೆಗೆ 7,500 ರೂಪಾಯಿ, ಅಲ್ಲಿಂದ ದೂರಕ್ಕೆ ತಕ್ಕಂತೆ ಗರಿಷ್ಠ 18,000. ಪ್ರಯಾಣಿಕನ ನಿಜವಾದ ನಷ್ಟ ಹಳೆಯ ಟಿಕೆಟ್ಟಿನ ದರವಲ್ಲ, ಹೊಸ ಟಿಕೆಟ್ಟಿನ ದರ ಎಂದು ಸರ್ಕಾರವೇ ಒಪ್ಪಿಕೊಂಡ ಗಳಿಗೆ ಅದು. ಆಮೇಲೆ ಆ ಕಂಪನಿಯ ವೇಳಾಪಟ್ಟಿಯಲ್ಲಿ ಶೇ 10ರಷ್ಟು ಕಡಿತವಾಯಿತು. ಕಡಿತಗೊಂಡ ವಿಮಾನಗಳ ಪ್ರಯಾಣಿಕರು ನಿಲ್ದಾಣದಲ್ಲಿ ಮಲಗಲಿಲ್ಲ, ಮನೆಯಲ್ಲಿ ಕೂತೇ ಮೆಸೇಜು ಓದಿದರು. ಮೆಸೇಜು ಮೊದಲೇ ಬಂತು ಎಂಬ ಕಾರಣಕ್ಕೆ ಇವರ ಮಾತನ್ನು ಯಾರೂ ಎತ್ತಲಿಲ್ಲ.

ಆದ್ದರಿಂದ ನಾನು ಕೇಳುವುದು ಇಷ್ಟು: ದೇಶದೊಳಗಿನ ವಿಮಾನ ಒಂದು ಗಂಟೆ ಮುಂಚೆಗೋ ಎರಡು ಗಂಟೆ ತಡಕ್ಕೋ ಸರಿದರೆ, ಎಷ್ಟೇ ಮುಂಚೆ ತಿಳಿಸಿದ್ದರೂ ಅದನ್ನು ರದ್ದೆಂದೇ ಎಣಿಸಬೇಕು. ಆಗ ಸಿಗುವ ಆಯ್ಕೆಯಲ್ಲಿ ಹಣದ ಜೊತೆಗೆ ಸೀಟೂ ಇರಬೇಕು, ಕಂಪನಿಯ ಬಳಿ ಹೊಂದುವ ವಿಮಾನ ಇಲ್ಲದಿದ್ದರೆ ಬೇರೆ ಕಂಪನಿಯಲ್ಲಾದರೂ. ಹೀಗೆಂದ ಕೂಡಲೇ ಬರುವ ಮೊದಲ ಆಕ್ಷೇಪ, ಹತ್ತು ತಿಂಗಳ ಹಿಂದೆ ಹಾಕಿದ ವೇಳಾಪಟ್ಟಿ ಕಲ್ಲಿನ ಶಾಸನವಲ್ಲ ಎಂಬುದು. ನಿಜ. ಹತ್ತು ನಿಮಿಷ, ಅರ್ಧ ಗಂಟೆಯ ಹೊಂದಾಣಿಕೆಗೆ ಯಾರೂ ಜಗಳಕ್ಕೆ ಬರುವುದಿಲ್ಲ. ಆದರೆ ಗಟ್ಟಿಯಾಗದ ವೇಳೆಯನ್ನು ಗಟ್ಟಿಯಾದದ್ದರಂತೆ ಮಾರಿ ಹಣವನ್ನು ಹತ್ತು ತಿಂಗಳು ಮೊದಲೇ ಪೆಟ್ಟಿಗೆಗೆ ಹಾಕಿಕೊಳ್ಳುವ ಲಾಭ ಕಂಪನಿಯದಾದರೆ, ವೇಳೆ ಜಾರಿದಾಗಿನ ನಷ್ಟವೂ ಅದರದ್ದೇ ಆಗಬೇಕು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಈ ಖರ್ಚೆಲ್ಲ ಕೊನೆಗೆ ಟಿಕೆಟ್ ದರಕ್ಕೇ ಸೇರುತ್ತದೆ, ವೇಳೆ ಬದಲಾದರೂ ಚಿಂತೆಯಿಲ್ಲದ, ಅಗ್ಗದ ಪ್ರಯಾಣವೇ ಬೇಕಾದ ಬಡವನೂ ಅದನ್ನು ಹೊರಬೇಕಾಗುತ್ತದೆ. ಸ್ವಲ್ಪ ಸೇರುತ್ತದೆ, ಅಲ್ಲಗಳೆಯುವುದಿಲ್ಲ. ಈಗಲೂ ಆ ಖರ್ಚು ಇಲ್ಲವಾಗಿಲ್ಲ, ಸಿಕ್ಕಿಬಿದ್ದ ಒಬ್ಬನ ತಲೆಯ ಮೇಲೆ ಒಟ್ಟಿಗೆ ಬೀಳುತ್ತಿದೆ, ಅಷ್ಟೇ. ವಿಮೆ ಎಂಬುದು ಹುಟ್ಟಿದ್ದೇ ಇಂಥ ಹೊರೆಯನ್ನು ಎಲ್ಲರಿಗೂ ತೆಳುವಾಗಿ ಹಂಚಲು. ಯುರೋಪಿನಲ್ಲಿ ಇಪ್ಪತ್ತು ವರ್ಷಗಳಿಂದ ನಮ್ಮದಕ್ಕಿಂತ ಬಿಗಿಯಾದ ನಿಯಮದ ಕೆಳಗೇ ರಯಾನ್‌ಏರ್, ಈಸಿಜೆಟ್‌ನಂಥ ಅಗ್ಗದ ಕಂಪನಿಗಳು ಬೆಳೆದು ಮರವಾಗಿವೆ. ಇನ್ನು ರೈಲು ಬಸ್ಸುಗಳಿಗೆ ಇಲ್ಲದ ಕಟ್ಟುಪಾಡು ವಿಮಾನಕ್ಕೇಕೆ ಎನ್ನುವವರಿಗೆ ಒಂದು ಮಾತು: ಹತ್ತುವ ನಿಲ್ದಾಣಕ್ಕೆ ರೈಲು ಮೂರು ಗಂಟೆಗಿಂತ ತಡವಾದರೆ, ಪ್ರಯಾಣ ಬಿಟ್ಟವರಿಗೆ ನಮ್ಮ ರೈಲ್ವೆ ಪೂರ್ತಿ ಹಣ ಕೊಡುತ್ತದೆ. ಎಲ್ಲರೂ ಬೈಯುವ ರೈಲ್ವೆ!

ನಷ್ಟವಾದವರು ಗ್ರಾಹಕ ಆಯೋಗಕ್ಕೆ ಹೋಗಲಿ ಎಂಬುದು ಕೊನೆಯ ವಾದ. ದಾರಿ ಇದೆ. 2019ರ ಗ್ರಾಹಕ ರಕ್ಷಣಾ ಕಾಯಿದೆಯ ಪ್ರಕಾರ ದೂರನ್ನು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು, ಕಂಪನಿಯ ಊರಿಗೆ ಅಲೆಯಬೇಕಿಲ್ಲ. ಒಂದೇ ಕಡೆಗೆ ವಾಲಿದ ಒಪ್ಪಂದವನ್ನು ‘ಅನ್ಯಾಯದ ಕರಾರು’ ಎಂದು ಪ್ರಶ್ನಿಸಲೂ ಆ ಕಾಯಿದೆ ಅವಕಾಶ ಕೊಡುತ್ತದೆ, ಅದಕ್ಕೆ ಮಾತ್ರ ರಾಜ್ಯ ಆಯೋಗದ ಮೆಟ್ಟಿಲು ಹತ್ತಬೇಕು. ಆದರೆ ಹೊತ್ತಿನ ಲೆಕ್ಕ ನೋಡಿ. 2007ರ ಡಿಸೆಂಬರ್‌ನಲ್ಲಿ ದಿಲ್ಲಿಯ ಮಂಜಿನಿಂದ ಹೈದರಾಬಾದ್ ವಿಮಾನ ತಡವಾದ ಒಂದು ಬೆಳಗಿನ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 2011ರಲ್ಲಿ, ಮಂಜಿಗೆ ಕಂಪನಿ ಹೊಣೆಯಲ್ಲ ಎಂಬ ತೀರ್ಮಾನದೊಂದಿಗೆ. ಆ ತೀರ್ಮಾನ ಸರಿಯೇ ಇದ್ದೀತು. ಕೆಲವು ಸಾವಿರ ರೂಪಾಯಿಗಾಗಿ ಅಷ್ಟು ವರ್ಷ ಕಾಯುವ ತಾಳ್ಮೆ ಎಷ್ಟು ಜನರಿಗಿದೆ? ತಾಳ್ಮೆ ಇರುವುದಿಲ್ಲ ಎಂಬುದನ್ನು ಕಂಪನಿಗಳ ಕಾನೂನು ವಿಭಾಗ ನಮಗಿಂತ ಚೆನ್ನಾಗಿ ಬಲ್ಲದು.

ನಿಯಮ ಬದಲಾಗುವವರೆಗೆ ಇರುವುದನ್ನೇ ಬಳಸಿಕೊಳ್ಳಬೇಕು. ವೇಳೆ ಬದಲಾದ ಮೆಸೇಜಿನ ಕೆಳಗೆ ‘ಒಪ್ಪಿಕೊಳ್ಳಿ’ ಎಂಬ ಗುಂಡಿ ಎದ್ದು ಕಾಣುವಂತೆ ಇರುತ್ತದೆ. ಅದನ್ನು ಒತ್ತಿದರೆ ಹೊಸ ವೇಳೆಗೆ ಸಹಿ ಹಾಕಿದಂತೆ, ಆಮೇಲೆ ತಕರಾರಿಗೆ ಬಲವಿರುವುದಿಲ್ಲ. ಒತ್ತುವ ಮೊದಲು ಅದೇ ಕಂಪನಿಯ ಆ ದಿನದ, ಹಿಂದುಮುಂದಿನ ದಿನದ ಬೇರೆ ವಿಮಾನಗಳನ್ನು ನೋಡಿ ಇಂಥದ್ದೇ ಬೇಕು ಎಂದು ಲಿಖಿತವಾಗಿ ಕೇಳಬೇಕು. ವೇಳೆಯನ್ನು ತಾವೇ ಬದಲಿಸಿದಾಗ ಕಂಪನಿಗಳು ಸಾಮಾನ್ಯವಾಗಿ ದರದ ವ್ಯತ್ಯಾಸ ಕೇಳದೆ ಬದಲಿಸಿಕೊಡುತ್ತವೆ, ಆದರೆ ಕೇಳಿದವರಿಗೆ. ಹಳೆಯ ವೇಳೆಯಿರುವ ಟಿಕೆಟ್, ಮೆಸೇಜು ಬಂದ ದಿನ ಮತ್ತು ಗಂಟೆ ಕಾಣುವ ಸ್ಕ್ರೀನ್‌ಶಾಟ್ ಇಟ್ಟುಕೊಂಡವರ ದೂರಿಗೆ ಏರ್‌ಸೇವಾ ಪೋರ್ಟಲ್‌ನಲ್ಲಾಗಲಿ, 1915 ಸಂಖ್ಯೆಯ ಗ್ರಾಹಕ ಸಹಾಯವಾಣಿಯಲ್ಲಾಗಲಿ ಬಲ ಬರುತ್ತದೆ. ಎಲ್ಲಕ್ಕಿಂತ ಮೊದಲ ಕೆಲಸ ಟಿಕೆಟ್ ಕಾಯ್ದಿರಿಸುವ ದಿನದ್ದು. ಸಂಪರ್ಕದ ವಿವರ ಸರಿಯಾಗಿ ಕೊಡದವರಿಗೆ ಪರಿಹಾರವಿಲ್ಲ ಎಂದು ನಮ್ಮ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಊರಿನ ಏಜೆಂಟರ ಅಂಗಡಿಯಲ್ಲಿ ನಾಲ್ಕು ಟಿಕೆಟ್ ಒಟ್ಟಿಗೆ ಮಾಡಿಸಿದಾಗ ಮೊಬೈಲ್ ಸಂಖ್ಯೆಯ ಚೌಕದಲ್ಲಿ ಅವರು ಅವಸರಕ್ಕೆ ತುಂಬುವುದು ಬಹಳ ಸಲ ತಮ್ಮದೇ ಸಂಖ್ಯೆಯನ್ನು. ಪ್ರಿಂಟು ಕೈಗೆ ಬಂದಾಗ ಆ ಸಾಲಿನಲ್ಲಿರುವ ಹತ್ತು ಅಂಕಿ ನಿಮ್ಮವೇ ಎಂದು ಅಲ್ಲೇ ನಿಂತು ಓದಿಕೊಳ್ಳಿ. ಅಲ್ಲವಾದರೆ ಅಂಗಡಿ ಬಿಡುವ ಮುನ್ನ ತಿದ್ದಿಸಿ.